ಆಡದೆ ಗೆದ್ದ ಅಮೆರಿಕನ್ ಫುಟ್‌ಬಾಲ್

ನಾನು ರಾಜ್ಯಮಟ್ಟದ ಅಮೆರಿಕನ್ ಫುಟ್‌ಬಾಲ್ ಆಟಗಾರ್ತಿ, ಕೋಚ್ ಕೂಡ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕಾಸಾರಶಿರಸಿಯ ಬಸ್ ನಿಲ್ದಾಣದಲ್ಲಿ ಹೀಗೆಂದರೆ ಜನ ಮೊದಲು ನನ್ನ ಸೀರೆ ನೋಡುತ್ತಾರೆ, ಆಮೇಲೆ ಕಾಲು ನೋಡುತ್ತಾರೆ. ಕಾಲು ನೋಡಿ ಉಪಯೋಗವಿಲ್ಲ. ಈ ಆಟದಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಎದೆಗವಚಿಕೊಂಡು ಓಡುವುದೇ ಹೆಚ್ಚು. ಹಾಗಾದರೆ ಅದನ್ನು ಫುಟ್‌ಬಾಲ್ ಅಂತ ಯಾಕೆ ಕರೀತಾರೆ ಎಂದು ನಮ್ಮಪ್ಪ ಕೇಳಿದ್ದ. ಅಮೆರಿಕದವರನ್ನೇ ಕೇಳಬೇಕು ಅಂದೆ. "ಕೇಳದೇನ ಆಡ್ಲಾಕ ಹೋಗೀದಿ?" ಅಂದ. ಕುರಿ ಕೊಳ್ಳುವಾಗ ಹಲ್ಲು ಎಣಿಸದೆ ಕೈ ಹಾಕದ ಮನುಷ್ಯ ಅಂವ.

ನಮ್ಮದು ಗುಂಜೋಟಿಯಲ್ಲಿ ಕುರಿ ಸಾಕುವ ಮನೆ, ಮನೆದೇವರು ಬೀರಪ್ಪ. ಕಾಲೇಜಿಗೆ ಉಮರ್ಗಾಕ್ಕೆ ಹೋಗುತ್ತಿದ್ದೆ. ಅಲ್ಲಿದ್ದ ಆಟದ ಸರ್‌ಗೆ ಒಂದು ಸಿದ್ಧಾಂತವಿತ್ತು. "ಕಬಡ್ಡ್ಯಾಗ ಗಲ್ಲಿಗೊಂದು ಹುಲಿ ಅದಾವ. ಯಾರೂ ಆಡದ ಆಟ ಹಿಡೀಬೇಕು. ಆಡವ್ರೇ ಇಲ್ಲಂದ್ರ ಸೋಲಸವ್ರು ಯಾರು?" ಆಟದ ಪದಕವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ, ನೌಕರಿಯಲ್ಲಿ ಮೀಸಲು ಜಾಗ ಎಂದು ಆಗ ಎಲ್ಲರ ಬಾಯಲ್ಲೂ ಅದೇ ಮಾತು. ಹಾಗಾಗಿ ಅಮೆರಿಕನ್ನರು ತಮ್ಮ ಪಾಡಿಗೆ ಆಡಿಕೊಂಡಿದ್ದ ಆಟ ಉಮರ್ಗಾಕ್ಕೆ ಬಂತು.

ಆಯ್ಕೆಗೆ ಸರ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಓಡುವ ಕುರಿ ಹಿಡೀತೀಯಾ ಅಂತ. ಹಿಡೀತೀನಿ ಅಂದೆ. ತಂಡಕ್ಕೆ ಸೇರಿಬಿಟ್ಟೆ.

ನಾವು ಆಡುತ್ತಿದ್ದುದು ಹುಡುಗಿಯರಿಗೆಂದು ಸಪ್ಪಗೆ ಮಾಡಿದ ಬಗೆ. ಒಂದು ಕಡೆಗೆ ಐದೇ ಜನ, ಯಾರೂ ಯಾರನ್ನೂ ಕೆಡವುವಂತಿಲ್ಲ. ಎಲ್ಲರ ನಡುವಿಗೂ ಬಟ್ಟೆಪಟ್ಟಿ ಜೋತುಬಿದ್ದಿರುತ್ತದೆ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳ ಓಟ ಅಲ್ಲಿಗೆ ನಿಂತಂತೆ. ಪಟ್ಟಿಗೆ ನಮ್ಮ ಆಯಿಯ ಹಳೆಯ ಇಳಕಲ್ ಸೀರೆ ಹರಿದೆವು. ಚೆಂಡು ಮಾತ್ರ ಬಂದಿರಲಿಲ್ಲ. ಎರಡೂ ತುದಿ ಚೂಪಾಗಿರಬೇಕೆಂದು ಸರ್ ಮೊಬೈಲ್‌ನಲ್ಲಿ ತೋರಿಸಿದರು. ನಾವು ಸಿಪ್ಪೆ ಸುಲಿಯದ ತೆಂಗಿನಕಾಯಿ ತಂದೆವು. ಅದನ್ನು ಎದೆಗೆ ಎಸೆಸಿಕೊಂಡವರು ಆಮೇಲೆ ನಿಜವಾದ ಚೆಂಡಿಗೆ ಯಾವತ್ತೂ ಹೆದರಲಿಲ್ಲ.

ಆಟ ಶುರುವಾಗುವುದು ಹೀಗೆ: ಒಬ್ಬಳು ಮುಂದೆ ಬಗ್ಗಿ ಚೆಂಡು ನೆಲಕ್ಕೆ ಒತ್ತಿ ಹಿಡಿದಿರುತ್ತಾಳೆ, ಹಿಂದೆ ನಿಂತವರು ಒಂದು ಕೂಗು ಹಾಕಿದಾಗ ಅದನ್ನು ಹಿಂದಕ್ಕೆ ಕೊಡುತ್ತಾಳೆ. ಮೊದಲ ದಿನ ಬಗ್ಗಿದವಳು ನಾನು, ಹಿಂದೆ ನಿಂತವರು ಸರ್. ಅವರು ಗಂಟಲು ಬಿಚ್ಚಿ "ಹಟ್! ಹಟ್!" ಎಂದರು.

ನಮ್ಮ ಕಡೆ ಒಲೆಯ ಹತ್ತಿರ ಬಂದ ನಾಯಿಗೆ ಅನ್ನುವ ಮಾತು ಅದು. ನಾನು ಕಾಯಿ ಅಲ್ಲೇ ಬಿಟ್ಟು ಎದ್ದು ನಿಂತೆ. "ಯಾರಿಗಿ ಹಟ್ ಅಂತೀರಿ ಸರ? ನಾ ಏನ್ ನಾಯಿ ಏನ್ರೀ?"

"ಏ ಹುಚ್ಚಿ, ಅದು ಇಂಗ್ಲಿಷು. ಅಮೇರಿಕಾದಾಗ ಹಂಗೇ ಅಂತಾರ."

"ನಮ್ಮ ನಾಯಿಗೂ ಆ ಇಂಗ್ಲಿಷ್ ತಿಳೀತದ ರೀ."

ಮರುದಿನ ಇನ್ನೊಬ್ಬಳನ್ನು ಬಗ್ಗಿಸಿದರು. ಅವಳು ಒಕ್ಕಲುತನದ, ವಿಭೂತಿ ಧರಿಸುವ ಮನೆಯವಳು, ಮಾತಿಲ್ಲದ ಹುಡುಗಿ. ಹಟ್ ಎಂದದ್ದಕ್ಕೆ ಅಳುತ್ತಾ ಮನೆಗೆ ಹೋದಳು. ಅವರಪ್ಪ ಟ್ರ್ಯಾಕ್ಟರ್ ಹತ್ತಿಕೊಂಡೇ ಮೈದಾನಕ್ಕೆ ಬಂದ. ಅಂದಿಗೆ ಆ ಇಂಗ್ಲಿಷ್ ಮುಗಿಯಿತು. ಬದಲಿಗೆ ಏನು ಕೂಗುವುದು? ನಾನು ಬೀರಪ್ಪನ ಜಾತ್ರೆಯ ಕೂಗು ಹೇಳಿದೆ, "ಚಾಂಗಭಲ!" ವಿಭೂತಿ ಮನೆಯ ಹುಡುಗಿಯರು ಹರಹರ ಮಹಾದೇವ ಬೇಕೆಂದು ಹಟ ಹಿಡಿದರು. "ಬೀರಪ್ಪ ಅಂದ್ರ ಮತ್ತ ಯಾರು? ಶಿವನೇ ಅಲ್ಲೇನು?" ಎಂದು ಸರ್ ನ್ಯಾಯ ಮುಗಿಸಿದರು. ಜಗತ್ತಿನಲ್ಲಿ ಚಾಂಗಭಲ ಎಂದು ಶುರುವಾಗುವ ಅಮೆರಿಕನ್ ಫುಟ್‌ಬಾಲ್ ಉಮರ್ಗಾದ್ದೊಂದೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇಷ್ಟೆಲ್ಲ ಕಲಿತು ಸ್ಪರ್ಧೆಗೆ ಹೋದರೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ಎದುರು ತಂಡದ ಹೆಸರು ಹಲಗೆಯ ಮೇಲಿರುತ್ತಿತ್ತು, ತಂಡ ಊರಲ್ಲಿರುತ್ತಿತ್ತು. ನಾವು ಸಾಲಾಗಿ ನಿಲ್ಲುತ್ತಿದ್ದೆವು, ಅಂಪೈರ್ ಸೀಟಿ ಊದಿ ನಾವು ಗೆದ್ದೆವೆಂದು ಸಾರುತ್ತಿದ್ದ, ಕೊರಳಿಗೆ ಪದಕ ಬೀಳುತ್ತಿತ್ತು, ಹೊತ್ತು ಇಳಿಯುವುದರೊಳಗೆ ಬಸ್ ಹಿಡಿಯುತ್ತಿದ್ದೆವು. ಒಮ್ಮೆ ನಮಗೆ ಬೆಳ್ಳಿ ಬಂತು. ಆ ಸಲ ನಾವು ಊರಲ್ಲೇ ಉಳಿದಿದ್ದೆವು. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಮಾತನ್ನು ನಾನು ಕೊರಳಲ್ಲಿ ಹಾಕಿಕೊಂಡು ತಿರುಗಿದ್ದೇನೆ. ನನ್ನ ಆಟದ ಬದುಕಿನಲ್ಲಿ ಮೈದಾನಕ್ಕಿಳಿದು ನಾನು ಸೋತಿಲ್ಲ, ಮೈಯೂ ಬೆವತಿಲ್ಲ. ಹಟ್ ಅಂದಾಗ ಆದ ಅವಮಾನಕ್ಕಿಂತ ಇದು ನನಗೆ ಹೆಚ್ಚು ಚುಚ್ಚುತ್ತಿತ್ತು.

ಅಂಥ ಆಟಗಾರ್ತಿ ಕೋಚ್ ಆಗದೆ ಇನ್ನೇನಾದಾಳು? ಮದುವೆಯಾಗಿ ಕಾಸಾರಶಿರಸಿಗೆ ಬಂದ ಮೇಲೆ ನಿಲಂಗಾದ ಒಂದು ಖಾಸಗಿ ಶಾಲೆಯಲ್ಲಿ ತಾಸಿನ ಲೆಕ್ಕದ ಕೆಲಸ ಸಿಕ್ಕಿತು. ತಾಸಿನ ಲೆಕ್ಕ ಎಂದರೆ ಬೇಸಿಗೆ ರಜೆಯಲ್ಲಿ ನಾವು ಉಣ್ಣುವುದಿಲ್ಲ ಎಂದು ಶಾಲೆಯವರು ನಂಬಿರುತ್ತಾರೆ. ಕಾಯಂ ಆಗುವುದೊಂದೇ ಮೋಕ್ಷ. ನಮ್ಮತ್ತೆ ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮುಂಚೆಯೇ "ಕಾಯಂ ಆತೇನ?" ಎಂದು ಕೇಳುತ್ತಿದ್ದರು, ಹಾಲು ಕಾಯಿತೇನು ಎಂದು ಕೇಳಿದ ಹಾಗೆ. ಕಾಯಂ ಆಗದಿದ್ದರೆ ಬರುವ ವರ್ಷದಿಂದ ಮನೆಯ ಕಿರಾಣಿ ಅಂಗಡಿಯಲ್ಲಿ ಕೂರಬೇಕೆಂದು ಮಾತಾಗಿತ್ತು.

ಕಳೆದ ಚಳಿಗಾಲದಲ್ಲಿ ಶಾಲೆಯ ಅಧ್ಯಕ್ಷರು ನನ್ನನ್ನು ಕರೆಸಿ ಹೇಳಿದರು: ಉದಗೀರದ ಸ್ಪರ್ಧೆ ಗೆದ್ದು ಬಾ, ಜೂನ್‌ಗೆ ನೀನು ಕಾಯಂ. ಆಟ ಯಾವುದೆಂದು ಅವರು ಕೇಳಲಿಲ್ಲ. ಕಪ್ಪು ಎಷ್ಟು ಎತ್ತರವಿರುತ್ತದೆ ಎಂದು ಕೇಳಿದರು.

ಉದಗೀರದಲ್ಲಿ ಮೊದಲ ಸುತ್ತು ಎದುರಾಳಿ ಬಾರದೆ ಗೆದ್ದೆವು. ಎರಡನೆಯದೂ ಹಾಗೆಯೇ. ಫೈನಲ್‌ಗೆ ಅಧ್ಯಕ್ಷರು ಕಾರಿನಲ್ಲಿ ಬಂದು, ಮುಖ್ಯ ಅತಿಥಿಯ ಕುರ್ಚಿಯಲ್ಲಿ ಮಡಿಲ ಮೇಲೆ ಒಂದು ಶಾಲು ಇಟ್ಟುಕೊಂಡು ಕುಳಿತರು. ಎದುರು ತಂಡದ ಜೀಪಿನಿಂದ ಇಳಿದವರು ನನ್ನ ಹಳೆಯ ಸರ್. ತಲೆ ಬೆಳ್ಳಗಾಗಿತ್ತು. ಹಿಂದೆ ಮೂರೇ ಹುಡುಗಿಯರು. ಒಬ್ಬಳು ತೊಗರಿ ರಾಶಿಗೆ ಉಳಿದಿದ್ದಳು, ಇನ್ನೊಬ್ಬಳನ್ನು ನೋಡಲು ಗಂಡಿನವರು ಬಂದಿದ್ದರು.

ಅಂಪೈರ್ ನಮ್ಮ ಕಡೆ ಕೈ ಎತ್ತಿದ. ಗೆದ್ದಾಯಿತು. ಫೋಟೋದವನು ಓಡಿ ಬಂದ. ಅಧ್ಯಕ್ಷರು ಶಾಲಿನ ಮಡಿಕೆ ಬಿಚ್ಚತೊಡಗಿದರು. ಆಗ ನನ್ನ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವ ಸಾಸ್ತೂರದ ಹುಡುಗಿ ನನ್ನ ಕೈ ಜಗ್ಗಿದಳು.

"ಮ್ಯಾಡಮ್, ನಾವು ಇನ್ನಾ ಚೆಂಡೇ ಮುಟ್ಟಿಲ್ಲಲ್ರೀ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ನನ್ನ ಮನೆಯ ಟ್ರಂಕಿನಲ್ಲಿ ತುಕ್ಕು ಹಿಡಿಯುತ್ತಿರುವ ಅಷ್ಟೂ ಪದಕಗಳ ಮೇಲೆ ಬಂತು. ಸೀದಾ ಸರ್ ಹತ್ತಿರ ಹೋಗಿ, ನನ್ನ ಇಬ್ಬರನ್ನು ಕೊಡುತ್ತೇನೆ, ಆಡೋಣ ಅಂದೆ.

ಅವರು ಅಧ್ಯಕ್ಷರ ಕುರ್ಚಿಯ ಕಡೆ ನೋಡಿದರು. "ನಿನಗ ನೌಕರಿ ಬ್ಯಾಡೇನ?"

"ಬೇಕ್ರೀ."

"ಮತ್ತ?"

"ಮ್ಯಾಚೂ ಬೇಕ್ರೀ."

ಸರ್ ತಮ್ಮ ಮೂವರನ್ನು ಸಾಲಿಗೆ ನಿಲ್ಲಿಸಿದರು. "ಕೊಡೂದಿದ್ರ ಚಲೋದು ಕೊಡು. ಕುಂಟ ಕುರಿ ಬ್ಯಾಡ" ಅಂದರು. ಸಾಸ್ತೂರದವಳನ್ನೇ ಕೊಟ್ಟೆ, ಜೊತೆಗೆ ಬದಲಿಗೆಂದು ಕೂರಿಸಿದ್ದ ಇಬ್ಬರಲ್ಲಿ ಒಬ್ಬಳನ್ನೂ ಕೊಟ್ಟೆ. ಅಂಪೈರ್ ನಿಯಮದ ಪುಸ್ತಕ ತಿರುವಿ ಹಾಕಿದ. ಗೆದ್ದ ಆಟವನ್ನು ಯಾರಾದರೂ ಹಿಂದಕ್ಕೆ ಕೊಟ್ಟಾರೆಂದು ಬರೆದವರಿಗೆ ಹೊಳೆದಿರಲಿಲ್ಲ, ಹಾಗಾಗಿ ಬೇಡವೆನ್ನುವ ನಿಯಮವೂ ಇರಲಿಲ್ಲ.

ಆಟ ಶುರುವಾಯಿತು. ನಾವೂ ಚಾಂಗಭಲ, ಅವರೂ ಚಾಂಗಭಲ. ಸುತ್ತ ನಿಂತ ಜನ ಜಾತ್ರೆಯೇ ಇರಬೇಕೆಂದು ಹತ್ತಿರ ಬಂದರು. ಹುಡುಗಿಯರು ಬಿದ್ದರು, ಎದ್ದರು, ಮೊಣಕೈ ತರಚಿಕೊಂಡರು, ಅಂಪೈರ್ ಜೊತೆ ಮರಾಠಿಯಲ್ಲಿ ಜಗಳಾಡಿ ತಮ್ಮತಮ್ಮಲ್ಲಿ ಕನ್ನಡದಲ್ಲಿ ಬೈದಾಡಿಕೊಂಡರು. ಕೊನೆಯವರೆಗೂ ಸಮ ಸಮ. ಆಗ ಚೆಂಡು ಸಾಸ್ತೂರದವಳ ಕೈಗೆ ಸಿಕ್ಕಿತು. ನನ್ನ ಹುಡುಗಿಯೊಬ್ಬಳು ಅವಳ ಪಟ್ಟಿಗೆ ಕೈ ಹಾಕಿದಳು. ಅವಳು ಸೊಂಟ ತಿರುವಿ ತಪ್ಪಿಸಿಕೊಂಡಳು. ಆ ತಿರುವು ಕಲಿಸಿದವಳು ನಾನು. ಕುರಿಗಳಿಂದ ಕಲಿತದ್ದು. ನಾನು ಗೆರೆಯ ಪಕ್ಕದಲ್ಲೇ, ಸೆರಗು ಸಿಗಿಸಿಕೊಂಡು, "ಓಡವ್ವಾ, ಓಡ್! ತಿರಗಿ ನೋಡಬ್ಯಾಡ!" ಎಂದು ಕಿರುಚುತ್ತಾ ಅವಳ ಸಮಕ್ಕೆ ಓಡಿದೆ. ಅವಳು ಗೆರೆ ದಾಟಿದಳು. ನಾನು ಕುಣಿದೆ.

ಕುಣಿದಾದ ಮೇಲೆ ನಾವು ಸೋತದ್ದು ನೆನಪಾಯಿತು.

ಅಧ್ಯಕ್ಷರು ಎದ್ದು ಬಂದರು. "ಬಾಯಿ, ತುಮ್ಹಿ ನಕ್ಕಿ ಕುಣಾಚ್ಯಾ ಕೋಚ್?" ಎಂದರು. ನಾನು ನಿಜಕ್ಕೂ ಯಾರ ಕೋಚ್ ಎಂಬುದು ಅವರ ಅನುಮಾನ. ಎರಡೂ ಕಡೆಯವರು ನನ್ನವರೇ ಎಂದು ಹೇಳಿದೆ. ಕಾಯಂ ಮಾತನ್ನು ಮುಂದೆ ನೋಡೋಣ ಎಂದು ಕಾರು ಹತ್ತಿದರು, ಶಾಲನ್ನೂ ಒಯ್ದರು. ಜೂನ್‌ನಲ್ಲಿ ಆ ಜಾಗಕ್ಕೆ ಅವರ ಅಕ್ಕನ ಮಗ ಬಂದ. ಅವನಿಗೆ ಬರುವುದು ಕ್ಯಾರಂ. ಸ್ಪರ್ಧೆ ಗೆದ್ದಿದ್ದರೂ ಅವನೇ ಬರುತ್ತಿದ್ದ ಎಂದು ಆಮೇಲೆ ಶಾಲೆಯ ಜವಾನ ಹೇಳಿದ.

ಅದು ಜೂನ್‌ನ ಮಾತು. ಉದಗೀರದಿಂದ ಬಂದ ಸಂಜೆ ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಾ ಕುಳಿತಿದ್ದರು.

"ಕಾಯಂ ಆತೇನ?"

"ಇಲ್ರೀ ಅತ್ತಿ. ಇನ್ನ ಆಗೂದೂ ಇಲ್ಲ. ಸೋತು ಬಂದೀನಿ."

"ನೀ ಎಂದೂ ಸೋತಿಲ್ಲಂತಿದ್ದೆಲ್ಲ?"

"ಇವತ್ತ ಎದುರಿಗಿ ಮಂದಿ ಬಂದಿದ್ರು. ಖರೇನ ಆಡಿದ್ವಿ."

ಅತ್ತೆಯ ಕೈ ಮೊರದಲ್ಲೇ ನಿಂತಿತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹಂಗಾರ ಇಷ್ಟ ವರ್ಷ ಏನ್ ಮಾಡ್ತಿದ್ದೆವ್ವಾ ನೀ?"

ನಮ್ಮ ಆಟದಲ್ಲಿ ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಯಾರಿಗೂ ಕೇಳಿರಲಿಲ್ಲ.