ಇಬ್ಬರು ತುಯಿಮಾಲೊಗಳ ಒಂದೇ ಫೋಲ್ಡರು

ಆಪಿಯಾದ ಆ ಸರ್ಕಾರಿ ಕಚೇರಿಯಲ್ಲಿ ಮಲಾಕಿಗೆ ಇದ್ದ ಕೆಲಸ ಬಾಯಲ್ಲಿ ಹೇಳುವುದಕ್ಕೆ ಸಣ್ಣದು. ಎಲ್ಲರ ಕಡತಗಳೂ ಒಂದೇ ಸರ್ವರಿನಲ್ಲಿ ಇರುತ್ತಿದ್ದವು. ಯಾರು ಯಾವ ಕಂಪ್ಯೂಟರಿನ ಮುಂದೆ ಕೂತು ಲಾಗಿನ್ ಆದರೂ ಅವರವರ ಸ್ವಂತ ಫೋಲ್ಡರೇ ಎದುರಿಗೆ ಬರಬೇಕು, ಪಕ್ಕದವನದು ಬರಬಾರದು. ಇಷ್ಟೇ. ಆದರೆ ಸಮೋವಾದಲ್ಲಿ ಈ ಇಷ್ಟಕ್ಕೇ ಬೆವರು ಇಳಿದುಹೋಗುತ್ತದೆ, ಏಕೆಂದರೆ ಇಲ್ಲಿ ಮನುಷ್ಯನ ಹೆಸರು ಒಂದು ಕಡೆ ನಿಲ್ಲುವುದಿಲ್ಲ. ನಿನ್ನೆಯವರೆಗೂ ಇಯೋನಾ ಆಗಿದ್ದವನಿಗೆ ಮನೆತನದ ಪಟ್ಟ ಕಟ್ಟಿದರೋ, ಇವತ್ತಿನಿಂದ ಪಟ್ಟದ ಹೆಸರೇ ಅವನ ಹೆಸರು. ಹಳೇ ಹೆಸರಲ್ಲಿ ಕರೆದರೆ ಹತ್ತು ಜನರೆದುರು ಚಡ್ಡಿ ತೊಡಿಸಿ ನಿಲ್ಲಿಸಿದ ಹಾಗೆ.

ಮಲಾಕಿ ಅದಕ್ಕೆಲ್ಲ ಒಗ್ಗಿಹೋಗಿದ್ದ. ಪಟ್ಟದ ಮನೆಯಲ್ಲಿ ಹಂದಿ ಊಟ ಉಂಡು ಬರುವುದು, ಸೋಮವಾರ ಆ ಪುಣ್ಯಾತ್ಮನ ಲಾಗಿನ್ ಹೆಸರು ಬದಲಿಸುವುದು. ಅವನ ಗ್ರಹಚಾರ ಕೆಟ್ಟಿದ್ದು ತುಯಿಮಾಲೊ ಪಟ್ಟದಿಂದ.

ಆ ಪಟ್ಟಕ್ಕೆ ಇಬ್ಬರು ದಾಯಾದಿಗಳು ಜಗಳ ಆಡಿ ಆಡಿ, ಕೊನೆಗೆ ಕೋರ್ಟು ಬೇಸತ್ತು ಇಬ್ಬರಿಗೂ ಕೊಟ್ಟುಬಿಟ್ಟಿತ್ತು. ಇಬ್ಬರೂ ತುಯಿಮಾಲೊಗಳೇ, ಇಬ್ಬರೂ ಅದೇ ಕಚೇರಿಯಲ್ಲಿ ದೊಡ್ಡ ಅಧಿಕಾರಿಗಳೇ. ಒಬ್ಬರು ಮೇಲಿನ ಮಹಡಿ, ಇನ್ನೊಬ್ಬರು ಕೆಳಗಿನದು. ನಾವು ಅವರನ್ನು ಮೇಲಿನವರು, ಕೆಳಗಿನವರು ಅಂತಲೇ ಕರೆಯೋಣ. ಅವರ ಕಿವಿಗೆ ಬೀಳದಿದ್ದರೆ ಸಾಕು. ಒಬ್ಬರು ಮೆಟ್ಟಿಲು ಹತ್ತುತ್ತಿದ್ದರೆ ಇನ್ನೊಬ್ಬರು ಇಳಿಯುತ್ತಿರಲಿಲ್ಲ, ಮಾತಂತೂ ಎಂದೋ ಸತ್ತಿತ್ತು. ಮಲಾಕಿಯದು ಹಂಗಾಮಿ ನೌಕರಿ. ಅದು ಕಾಯಂ ಆಗಬೇಕಾದರೆ ಈ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕು. ಬೆಕ್ಕು ನಾಯಿ ಸೇರಿ ಮದುವೆ ಮಾಡಿಸಿದ ಹಾಗೆ.

ಸರ್ವರಿಗೆ ಒಂದೇ ಹೆಸರಿನ ಇಬ್ಬರು ಆಗುವುದಿಲ್ಲ. ಮಲಾಕಿ ಹೆಸರಿನ ಹಿಂದೆ ಒಂದು, ಎರಡು ಅಂತ ಸೇರಿಸಿದ. ಕೆಳಗಿನವರು ಕರೆಸಿದರು.

"ನಾನು ಯಾರಿಗಯ್ಯಾ ಎರಡನೆಯವನು?"

ಅಂಕೆ ಅದಲು ಬದಲು ಮಾಡೋಣ ಅಂತ ಮಹಡಿ ಹತ್ತಿದರೆ, ಮೇಲಿನವರು ಆಗಲೇ ಕೆಂಡವಾಗಿ ಕೂತಿದ್ದರು.

"ನಿಮಗೆ ಒಂದೇ ಕೊಟ್ಟಿದ್ದೀನಲ್ಲ ಯಜಮಾನ್ರೇ," ಅಂದ ಮಲಾಕಿ.

"ಒಂದು ಅಂದ್ರೆ ಎರಡು ಅಂತೊಬ್ಬ ಇದ್ದಾನೆ ಅಂತ ಒಪ್ಪಿಕೊಂಡ ಹಾಗಲ್ವೇನೋ? ಕಿತ್ತು ಹಾಕು."

ಕಿತ್ತು ಹಾಕಿ, ಇಬ್ಬರಿಗೂ ಅವರವರ ನೌಕರಿ ಸಂಖ್ಯೆಯನ್ನೇ ಲಾಗಿನ್ ಮಾಡಿಕೊಟ್ಟ. ಎಲ್ಲರಿಗೂ ಹೀಗೇ ಬಂದಿದೆ ಅಂತ ಸುಳ್ಳನ್ನೂ ಹೇಳಿದ. ಸಂಖ್ಯೆಯನ್ನು ಸಹಿಸಿಕೊಂಡರು. ಆದರೆ ತೆರೆಯ ಮೇಲೆ ಫೋಲ್ಡರಿಗೂ ಅದೇ ಸಂಖ್ಯೆ ಕಂಡಿತು. ಈ ಒಂದು ವಿಷಯದಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು: "ನಾನೇನು ಜೈಲಲ್ಲಿದ್ದೀನಾ?" ಆಯ್ತಪ್ಪಾ ಅಂತ ಮಲಾಕಿ ಶುಕ್ರವಾರ ಸಂಜೆ, ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೊತ್ತಾಯಿತು ಅನ್ನುವ ಗಡಿಬಿಡಿಯಲ್ಲಿ, ಲಾಗಿನ್ ಏನೇ ಇರಲಿ ಫೋಲ್ಡರು ಮಾತ್ರ ಪಟ್ಟದ ಹೆಸರಿನದೇ ತೆರೆಯುವಂತೆ ಮಾಡಿ ಎದ್ದುಹೋದ. ಬುದ್ಧಿ ಹುಲ್ಲು ಮೇಯಲು ಹೋಗಿತ್ತು. ಪಟ್ಟದ ಹೆಸರು ಇಬ್ಬರದೂ ಒಂದೇ ಅಲ್ಲವೇ?

ಆಮೇಲೆ ಇಬ್ಬರ ಕಡೆಯಿಂದಲೂ ಒಂದೂ ದೂರಿಲ್ಲ. ದಿನಕ್ಕೆರಡು ಸಲ ಕರೆಸುತ್ತಿದ್ದವರು ಸುಮ್ಮನಾದರೆ ಯಾರಿಗಾದರೂ ಅನುಮಾನ ಬರಬೇಕು. ಇವನು ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಸ್ವಾತಂತ್ರ್ಯದ ದಿನ ಮೇಲಿನವರು ಊರೂರ ಹಿರಿಯರೆದುರು ಕೋಲೂರಿ ನಿಂತು, ವಂಶಾವಳಿ ಹೇಳಿ ಭಾಷಣ ಮಾಡಿ ಸೈ ಅನ್ನಿಸಿಕೊಂಡಾಗ ಇವನೂ ಚಪ್ಪಾಳೆ ಹೊಡೆದ. ಎರಡು ವಾರ ಕಳೆದ ಮೇಲೆ ಸರ್ವರಿನಲ್ಲಿ ಜಾಗ ಸಾಲದೆ ಯಾರದು ಎಷ್ಟಿದೆ ಅಂತ ನೋಡುತ್ತ ಹೋದರೆ, ಇಬ್ಬರ ಕಡತಗಳೂ ಒಂದೇ ಫೋಲ್ಡರಿನಲ್ಲಿ ಮೊಣಕೈ ತಾಗಿಸಿಕೊಂಡು ಕೂತಿವೆ. ಒಬ್ಬರ ಗುಟ್ಟೆಲ್ಲ ಇನ್ನೊಬ್ಬರ ಕಣ್ಣಿಗೆ ಬಿದ್ದಿದೆ, ನೌಕರಿ ಹೋದ ಹಾಗೇ.

ಮನೆಗೆ ಹೋಗಿ ತಾಯಿ ಸುಲಿಯಾಗೆ ಹೇಳಿದ. ಆಕೆಗೆ ಸರ್ವರು ಗೊತ್ತಿಲ್ಲ, ಪಟ್ಟ ಗೊತ್ತು.

"ಎರಡು ಪಟ್ಟದ ಮನೆಗಳನ್ನ ಒಂದೇ ಚಾವಣಿ ಕೆಳಗೆ ನೂಕಿದ್ದೀಯಾ? ನಿನ್ನ ತಲೆಯಲ್ಲಿ ಇರೋದು ಮಿದುಳೋ ತೆಂಗಿನ ತುರಿಯೋ? ಏಳು, ನಾಳೆ ಚಾಪೆ ಹೊದ್ದು ಕೂತು ಇಫೋಗಾ ಮಾಡು, ಕ್ಷಮೆ ಕೇಳು."

"ಅಮ್ಮಾ, ಅದು ಕೊಲೆಗಿಲೆ ಆದಾಗ ಮಾಡೋದು."

"ಆಗೋ ತನಕ ಕಾಯ್ತೀಯೇನು?"

ಮಾರನೇ ದಿನ ಸುಲಿಯಾ ಮನೆತನದ ನಯವಾದ ಚಾಪೆಯನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಕಚೇರಿಯ ಬಾಗಿಲೆದುರು ಮಗನನ್ನು ಕೂರಿಸಿ ತಲೆಯ ಮೇಲೆ ಹೊದಿಸಿ ತಾನೂ ಪಕ್ಕದಲ್ಲಿ ಕೂತಳು. ತಪ್ಪು ಮಾಡಿದವನು ಹೀಗೆ ಕೂರಬೇಕು. ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮೆ, ಎತ್ತದಿದ್ದರೆ ಕೂತೇ ಇರಬೇಕು. ಚಾಪೆಯೊಳಗೆ ಮಲಾಕಿ ಬೆಂದುಹೋದ. ಹೊರಗೆ ಕೆಲಸದವರು ತೆಂಗಿನಹಾಲಿನ ಬನ್ನು ಪಾನಿಪೋಪೋ ತಿನ್ನುತ್ತ, ಎತ್ತುತ್ತಾರೋ ಬಿಡುತ್ತಾರೋ ಅಂತ ಪಂಥ ಕಟ್ಟುತ್ತಿದ್ದದ್ದು ಅವನಿಗೆ ಕೇಳುತ್ತಿತ್ತು.

ಆಮೇಲೆ ಎರಡು ಜೊತೆ ಹೆಜ್ಜೆ ಬಂದು ನಿಂತವು.

"ಏನು ತಪ್ಪು ಮಾಡಿದ್ದೀಯಪ್ಪಾ?" ಮೇಲಿನವರ ದನಿ.

"ನಿಮ್ಮಿಬ್ಬರ ಫೋಲ್ಡರು ಒಂದೇ ಮಾಡಿಬಿಟ್ಟೆ ಯಜಮಾನ್ರೇ. ಈಗಲೇ ಬೇರೆ ಮಾಡ್ತೀನಿ."

"ಗೊತ್ತು," ಅಂದರು ಮೇಲಿನವರು. "ನೀನು ಮಾಡಿಹೋದ ಮಾರನೇ ಸೋಮವಾರವೇ ಗೊತ್ತಾಯ್ತು. ನನ್ನ ಭಾಷಣ ಅದರಲ್ಲಿತ್ತು. ವಂಶಾವಳಿಯಲ್ಲಿ ಅಜ್ಜನ್ನ ಮೊಮ್ಮಗನಾದ ಮೇಲೆ ನಿಲ್ಲಿಸಿದ್ದೆ. ಹಾಗೇ ಹೇಳಿದ್ದರೆ ಊರಲ್ಲಿ ಮುಖ ತೋರಿಸೋ ಹಾಗಿರಲಿಲ್ಲ. ಇನ್ನೊಂದು ಸಲ ತೆಗೆದು ನೋಡ್ತೀನಿ, ಯಾರೋ ತಿದ್ದಿಟ್ಟಿದ್ದಾರೆ."



"ತಿದ್ದದೆ ಇನ್ನೇನು ಮಾಡ್ಲಿ?" ಕೆಳಗಿನವರು ಗೊಣಗಿದರು. "ನೀನು ತಪ್ಪಿದರೆ ತುಯಿಮಾಲೊ ತಪ್ಪಿದ ಅಂತಾರೆ. ಯಾವ ತುಯಿಮಾಲೊ ಅಂತ ಯಾರು ಕೇಳ್ತಾರೆ?"

ಚಾಪೆಯ ಒಂದು ತುದಿ ಮೇಲೆದ್ದಿತು, ಆಮೇಲೆ ಇನ್ನೊಂದು. ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ಮುಖ ಮಾತ್ರ ಬೇರೆ ಬೇರೆ ಕಡೆ ತಿರುಗಿಸಿಕೊಂಡಿದ್ದರು. ಮಲಾಕಿ ಬೆವರನ್ನು ಒರೆಸಿಕೊಂಡಂತೆ ಕಣ್ಣನ್ನೂ ಒರೆಸಿಕೊಂಡ.

"ನಿನ್ನ ಕಾಗದ ಕಳಿಸು, ಸಹಿ ಹಾಕ್ತೀವಿ," ಅಂದರು ಮೇಲಿನವರು. "ಫೋಲ್ಡರು ಬೇರೆ ಮಾಡಿದೆಯೋ, ಆ ಕಾಗದ ಹರಿದು ಹಾಕ್ತೀವಿ."

ಸುಲಿಯಾ ಚಾಪೆ ಮಡಚಲು ಕೈ ಚಾಚಿದಳು. ಅವರಿಬ್ಬರೂ ಇನ್ನೂ ಬಿಟ್ಟಿರಲಿಲ್ಲ.