ಅಕ್ಕನ ಬಿಡುಗಡೆಗೆ ತಂದ ಹುಕುಂ

ತೆಲುಗು ಸೀಮೆಯ ಝರಾಸಂಗಂ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕ, ಎರಡನೇ ಹೆರಿಗೆಯಲ್ಲಿ ಕೂಸು ತೀರಿಕೊಂಡ ಮೇಲೆ ತನ್ನಷ್ಟಕ್ಕೆ ತಾನೇ ಮಾತಾಡತೊಡಗಿದಳು. ಒಮ್ಮೊಮ್ಮೆ ಹೊಲದ ದಾರಿ ಹಿಡಿದು ಎತ್ತಲೋ ಹೋಗಿಬಿಡುತ್ತಿದ್ದಳು. ಗಂಡ ದರ್ಗಾಕ್ಕೆ ಕರೆದೊಯ್ದ, ಗುಡಿಗೆ ಕರೆದೊಯ್ದ, ಡಾಕ್ಟರ ಹತ್ತಿರ ಮಾತ್ರ ಒಯ್ಯಲಿಲ್ಲ. ಕಡೆಗೆ ತೊಗರಿ ಚೀಲ ಇಡುವ ಕೋಣೆಯಲ್ಲಿ ಕೂಡಿಹಾಕಿದ.

ನಾನು ನಾರಾಯಣಖೇಡದಿಂದ ನೋಡಲು ಹೋದಾಗ ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಕಾಲಿಗೆ ಎತ್ತು ಕಟ್ಟುವ ಹಗ್ಗ.

"ತಂಗಿ, ತಲಿ ಬಾಚಿ ಹೋಗು," ಎಂದಳು.

ಬೀಗ ತೆಗೆಯಿರೆಂದೆ. "ನಮ್ಮ ಮನಿ ಮಾನ ನಾವು ಕಾಯ್ತೀವಿ. ನೀ ನಿನ್ನ ಸಂಸಾರ ನೋಡ್ಕೋವಾ," ಎಂದಳು ಅವಳ ಅತ್ತೆ. ಸರಳಿನ ಸಂದಿಯಲ್ಲೇ ಕೈ ಹಾಕಿ ಜಡೆ ಹೆಣೆದೆ.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದೆ. ಮನೆಯವರೇ ಹೀಗೆ ಹಿಂಸೆ ಕೊಟ್ಟರೆ ಕೋರ್ಟು ಕೈಹಾಕಬಹುದೆಂದು ಅಲ್ಲೇ ಗೊತ್ತಾದದ್ದು. ಜಹೀರಾಬಾದಿನ ಮ್ಯಾಜಿಸ್ಟ್ರೇಟರು ಅಕ್ಕನನ್ನು ಎದುರಿಗೆ ಕರೆಸಿ ನೋಡಿ, ಹೈದರಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಚಿಕಿತ್ಸೆ ಕೊಡಬೇಕೆಂದು ಹುಕುಂ ಬರೆದರು. ಗುಳಿಗೆ, ನಿದ್ದೆ, ಹೊತ್ತಿಗೆ ಸರಿಯಾಗಿ ಊಟ, ಅಕ್ಕ ಚೇತರಿಸಿಕೊಂಡಳು. ಗಂಡನ ಮನೆಯಲ್ಲೇ ಉಳಿದಿದ್ದ ಮೊದಲ ಹೆರಿಗೆಯ ಮಗಳು ಎಲ್ಲಿ ಎಂದು ಕೇಳಿದಳು. ಕಾನೂನು ದೊಡ್ಡದು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅವಳು ನನ್ನ ಮನೆಗೆ ಬಂದ ಕೆಲವೇ ದಿನಕ್ಕೆ ನೋಟಿಸು ಬಂತು. ಹೆಂಡತಿ ಹುಚ್ಚಿ, ವಿಚ್ಛೇದನ ಬೇಕು, ಮಗಳು ತನಗೇ ಬೇಕು. ಪುರಾವೆಗೆ ಗಂಡ ಹಾಜರುಪಡಿಸಿದ್ದು ನಾನು ಓಡಾಡಿ ತಂದಿದ್ದ ಅದೇ ಹುಕುಂ.

ವಿಚಾರಣೆಯ ದಿನ ಅವನ ವಕೀಲ ತೆಲುಗಿನಲ್ಲಿ, "ಕೋರ್ಟೇ ಆಸ್ಪತ್ರೆಗೆ ಕಳಿಸಿತ್ತಲ್ಲವೇನಮ್ಮ?" ಎಂದ. ಅಕ್ಕ ತನ್ನ ಕನ್ನಡದಲ್ಲೇ ಹೇಳಿದಳು: "ಸಾಹೇಬ್ರ, ನನಗ ಬ್ಯಾನಿ ಇತ್ತು, ಖರೆ. ಆದ್ರ ನನ್ನ ಕೂಡಿಹಾಕಿದವರು ಯಾರಂತ ಒಬ್ಬರೂ ಕೇಳವಲ್ರಿ."

ಗುಮಾಸ್ತ ಅದನ್ನು ತೆಲುಗಿಗೆ ಹೇಳಿದ್ದು ಇಷ್ಟೇ: ಕಾಯಿಲೆ ಇತ್ತೆಂದು ಒಪ್ಪಿಕೊಂಡಿದ್ದಾಳೆ. ಉಳಿದದ್ದನ್ನು ಹೇಳಲು ನಾನು ಎದ್ದು ನಿಂತೆ. ಕೂರಿಸಿದರು.

ವಿಚ್ಛೇದನವಾಯಿತು. ಮಗಳು ಅಪ್ಪನ ಪಾಲಾದಳು. ಕೂಡಿಹಾಕಿದ್ದಕ್ಕೆ ಗಂಡನ ಮೇಲೆ ಹಾಕಿದ್ದ ಕೇಸಿಗೆ ಅಕ್ಕಪಕ್ಕದವರು ಒಬ್ಬರೂ ಸಾಕ್ಷಿ ಹೇಳಲಿಲ್ಲ. ಅವನು ಈಗ ಮತ್ತೊಂದು ಮದುವೆಯಾಗಿದ್ದಾನೆ.

ಅಕ್ಕ ದಿನಾ ಗುಳಿಗೆ ನುಂಗುತ್ತಾಳೆ, ಕೌದಿ ಹೊಲಿಯುತ್ತಾಳೆ, ನನಗಿಂತ ಚೊಕ್ಕ ರೊಟ್ಟಿ ಬಡಿಯುತ್ತಾಳೆ. ಮೊನ್ನೆ, ಮಗಳನ್ನು ನೋಡಲು ಕೋರ್ಟು ಗೊತ್ತುಮಾಡಿದ ಭೇಟಿಯ ದಿನ, ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಕೂತು, ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಮಗಳನ್ನು ಕರೆದಳು. ಹುಡುಗಿ ಬರಲಿಲ್ಲ. "ನೀ ಕಡೀತಿ ಅಂತ. ಅಜ್ಜಿ ಹೇಳ್ಯಾಳ," ಎಂದಿತು.

ಅಕ್ಕ, ಕೂಸು ಹೆದರಬಾರದೆಂದು ಬೆಂಚಿನ ಆ ತುದಿಗೆ ಸರಿದು ಕೂತಳು.