ಉರಿ ಇಳಿಯುವುದನ್ನು ನೋಡಿದವರು

ಎರಡು ವರ್ಷಗಳ ಹಿಂದೆ, ಆಷಾಢದ ಒಂದು ಗುರುವಾರ, ಹಾನಗಲ್ಲಿನ ಖಾನಾವಳಿಯೊಂದರ ಒಡತಿ ಒಂದು ಚೀಲ ಜೋಳದ ಹಿಟ್ಟು, ತಮ್ಮ ಮನೆಯ ರೊಟ್ಟಿ ಹಂಚು ಮತ್ತು ನೆಗೆಣ್ಣಿಯ ಸಮೇತ ಬಸ್ಸಿನಲ್ಲಿ ಶಿಗ್ಗಾವಿಗೆ ಹೋಗಿ, ಅಲ್ಲಿ ಮಾರಾಟಕ್ಕಿದ್ದ ಹಳೆಯ ಪೆಲೆಟ್ ಒಲೆಯ ಮೇಲೆ ಮೂವತ್ತೊಂದು ರೊಟ್ಟಿ ಬೇಯಿಸಿ, ಒಲೆ ಕೊಳ್ಳದೆ ವಾಪಸು ಬಂದರು.

ಬಸ್ಸಿನಲ್ಲಿ ಹಂಚು ಅವರ ತೊಡೆಯ ಮೇಲಿತ್ತು. ಅದರ ಅಂಚು ಹಿಡಿದಿದ್ದ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ವರ್ಷಗಟ್ಟಲೆ ಉರಿಯ ಮುಂದೆ ಚಾಚಿ ಚಾಚಿ ಚರ್ಮ ನುಣುಪಾಗಿತ್ತು. ಬೆರಳ ತುದಿಗಳು ಎಷ್ಟು ಸವೆದಿದ್ದವೆಂದರೆ ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. ನಾನು ಹಿಂದಿನ ಸೀಟಿನಲ್ಲಿದ್ದೆ. ಅವರು ಹಂಚು ಹೊತ್ತುಕೊಂಡು ಅಷ್ಟು ದೂರ ಹೋಗಬೇಕಾಗಿ ಬಂದದ್ದು ನನ್ನ ಅರೆಬರೆ ವರದಿಯಿಂದ.

ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿ ಮಾಸೂರಿನಿಂದ ಹಾನಗಲ್ಲಿಗೆ ಬಂದ ಮೊದಲ ವಾರ ನಾನು ಮೂರು ಕಡೆ ಊಟ ಮಾಡಿದೆ. ಎರಡು ಕಡೆ ತಾಟು ಇಡುವ ಮೊದಲು 'ಯಾರ ಪೈಕಿರಿ ನೀವು?' ಎಂದು ಕೇಳಿದರು. ನಮ್ಮದು ಹೊಲದ ಕೂಲಿ ಮಾಡಿದ ಮನೆತನ. ಆ ಪ್ರಶ್ನೆಗೆ ಉತ್ತರ ಹೇಳಿದ ಮೇಲೆ ತಾಟು ಎಲ್ಲಿಗೆ ಬರುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಮೂರನೆಯದು ಈ ಖಾನಾವಳಿ. ಇಲ್ಲಿ ಒಡತಿ ಅಕ್ಕಾರು ಕೇಳಿದ್ದು ಒಂದೇ ಮಾತು: 'ಬಿಸೀದೋ, ಖಡಕ್ಕೋ?' ಬಿಸಿ ರೊಟ್ಟಿ ಎಂದೆ. ಅಲ್ಲಿಂದ ಹನ್ನೊಂದು ವರ್ಷ ಅಲ್ಲೇ ಉಂಡೆ. ಎಲ್ಲರೂ ಅವರನ್ನು ಅಕ್ಕಾರ ಎನ್ನುತ್ತಿದ್ದರು, ಅವರಿಗಿಂತ ಹಿರಿಯರು ಕೂಡ.

ಅವರದು ಕಡಿಮೆ ಮಾತು. ಬೆಳಿಗ್ಗೆ ಮಾಡಿದ ಪಲ್ಯ ಮಧ್ಯಾಹ್ನ ಉಳಿದಿದ್ದರೆ 'ಇದು ಮುಂಜಾನೀದು, ಬೇಕಾದ್ರ ಹಾಕ್ತೇನಿ' ಎಂದು ತಾವಾಗಿಯೇ ಹೇಳುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಅದನ್ನೂ ಹೇಳಿಯೇ ಬಡಿಸುತ್ತಿದ್ದರು. ವ್ಯಾಪಾರಕ್ಕೆ ಇದು ಒಳ್ಳೆಯದಲ್ಲ ಎಂದು ಪಕ್ಕದ ಅಂಗಡಿಯವರು ನಗುತ್ತಿದ್ದರು. ಆದರೆ ಖಾನಾವಳಿಯಲ್ಲಿ ಒಂದು ಗಂಟೆಯ ನಂತರ ಜಾಗ ಸಿಗುತ್ತಿರಲಿಲ್ಲ.

ಒಮ್ಮೆ ಊರಿನಲ್ಲಿ ಬಂದ್ ಕರೆ ಇತ್ತು. ಸಂಘಟಕರು ಹೇಳಿದಂತೆ 'ಪಟ್ಟಣ ಸಂಪೂರ್ಣ ಬಂದ್' ಎಂದು ಬರೆದು ಕಳಿಸಿದೆ. ಮರುದಿನ ಊಟಕ್ಕೆ ಕುಳಿತಾಗ ಅಕ್ಕಾರು ಎಣಗಾಯಿ ಬಡಿಸಿ, ಪತ್ರಿಕೆಯನ್ನು ತಾಟಿನ ಪಕ್ಕ ಇಟ್ಟರು.

'ನಿನ್ನಿ ಬಜಾರ ಪೂರಾ ಬಂದ್ ಇತ್ತಂತ ಬರದೀರಿ. ಈ ಬದನಿಕಾಯಿ ಯಾರ ಕೊಟ್ರು ನಮಗ?'

ಸಂಘಟಕರು ಹಾಗೆ ಹೇಳಿದರು ಎಂದೆ.

'ಅವ್ರು ಹೇಳಿದ್ದು ಅವ್ರದಾತು. ನೀವು ಬಜಾರಕ್ಕ ಹೋಗಿದ್ರೇನು?'

ಹೋಗಿರಲಿಲ್ಲ. ಅವರು ಇನ್ನೊಂದು ಬದನೆಕಾಯಿ ಹಾಕಿ ಮುಂದಿನ ತಾಟಿಗೆ ಹೋದರು. ಈ ಮಾತು ಅಲ್ಲಿಗೇ ಮುಗಿಯಿತು. ಮತ್ತೆ ಯಾರ ಮುಂದೆಯೂ ಅವರು ಅದನ್ನು ಎತ್ತಲಿಲ್ಲ.

ಖಾನಾವಳಿಯ ಒಲೆ ನೆಗೆಣ್ಣಿಯದು. ಅಕ್ಕಾರ ಗಂಡನ ತಮ್ಮನ ಹೆಂಡತಿ ಅವರು. ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡ ಮೇಲೆ ಇಬ್ಬರು ಹೆಂಗಸರೂ ಕೂಡಿ ಖಾನಾವಳಿ ನಡೆಸಿದರು. ಪಲ್ಯ, ಸಾರು, ಬಡಿಸುವುದು, ಮಂದಿಯ ಮಾತು ಅಕ್ಕಾರದು. ರೊಟ್ಟಿ ನೆಗೆಣ್ಣಿಯದು. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದರು. ಸಾರು, ಅನ್ನಕ್ಕೆ ಗ್ಯಾಸ್ ಇತ್ತು. ಆದರೆ ಅಷ್ಟು ದೊಡ್ಡ ಹಂಚಿಗೆ ಗ್ಯಾಸಿನ ಉರಿ ನಡುವೆ ಮಾತ್ರ ತಾಗುತ್ತಿತ್ತು, ಅಂಚು ಹಸಿ ಉಳಿಯುತ್ತಿತ್ತು. ಅದಕ್ಕೆ ರೊಟ್ಟಿ ಕಟ್ಟಿಗೆಯ ಮೇಲೆ. ಆ ಕಟ್ಟಿಗೆಯ ಹೊಗೆ ಇಪ್ಪತ್ತು ವರ್ಷದಲ್ಲಿ ನೆಗೆಣ್ಣಿಯ ಎದೆಗೆ ಇಳಿದಿತ್ತು. ಆ ವರ್ಷ ಬೇಸಿಗೆಯಲ್ಲಿ ಹುಬ್ಬಳ್ಳಿಯ ವೈದ್ಯರು ಎದೆಯ ಎಕ್ಸ್‌-ರೇ ತೆಗೆಸಿ ನೋಡಿ, ಇನ್ನು ಹೊಗೆಯ ಮುಂದೆ ಕೂರುವ ಹಾಗಿಲ್ಲ, ಕುಳಿತರೆ ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ ಎಂದರು.

ಅಕ್ಕಾರು ರೊಟ್ಟಿಗೆ ಬೇರೆ ಹೆಂಗಸನ್ನು ಹಚ್ಚಿದರು. ನೆಗೆಣ್ಣಿ ಹೊರಗಿನ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತರು. ಮೊದಲು ಮಾತು ಬಿಟ್ಟರು, ಆಮೇಲೆ ಊಟ ಅರ್ಧ ಮಾಡಿದರು. ಎಂಟನೆಯ ದಿನ ನಾನು ಕೈತೊಳೆಯಲು ಎದ್ದಾಗ ಅವರು ಅಕ್ಕಾರಿಗೆ ಹೇಳಿದ ಮಾತು ಕಿವಿಗೆ ಬಿತ್ತು.

'ಒಲಿ ಮುಂದಿಂದ ಎಬ್ಬಿಸಿದ ಮ್ಯಾಲ ಈ ಮನ್ಯಾಗ ನಾ ಯಾಕ ಇರ್ಬೇಕು, ಹೇಳಕ್ಕ.'

ಮರುದಿನದಿಂದ ಅಕ್ಕಾರು ಊಟಕ್ಕೆ ಬಂದವರನ್ನೆಲ್ಲ ಹೊಗೆ ಇಲ್ಲದ ಒಲೆಯ ಬಗ್ಗೆ ಕೇಳತೊಡಗಿದರು.

ಪೆಲೆಟ್ ಒಲೆಯ ವಿಷಯ ಹೇಳಿದ್ದು ಒಬ್ಬ ಲಾರಿ ಚಾಲಕ. ಮರದ ಹೊಟ್ಟು, ಶೇಂಗಾ ಸಿಪ್ಪೆಯನ್ನು ಒತ್ತಿ ಮಾಡಿದ ಗಟ್ಟಿ ತುಂಡುಗಳಿಗೆ ಪೆಲೆಟ್ ಎನ್ನುತ್ತಾರೆ. ನೋಡಲು ದನಕ್ಕೆ ಹಾಕುವ ಹಿಂಡಿಯ ಹಾಗೆ. ಅವನ್ನು ಉರಿಸುವ ಕಬ್ಬಿಣದ ಪೆಟ್ಟಿಗೆಯನ್ನು ಇದ್ದ ಒಲೆಯ ಬಾಯಿಯೊಳಗೇ ಕೂರಿಸಬಹುದು. ಕೆಳಗೆ ಒಂದು ಫ್ಯಾನ್ ಇರುತ್ತದೆ. ಗಾಳಿ ಸರಿಯಾಗಿ ಆಡಿದರೆ ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಶಿಗ್ಗಾವಿಯಲ್ಲಿ ಹೋಟೆಲ್ ಮುಚ್ಚಿದವರೊಬ್ಬರು ಅಂಥದ್ದೊಂದನ್ನು ಅರ್ಧ ಬೆಲೆಗೆ ಮಾರಲಿಕ್ಕಿಟ್ಟಿದ್ದರು. ಹೊಸದು ಸವಣೂರಿನ ಅಂಗಡಿಯಲ್ಲಿ ಸಿಗುತ್ತಿತ್ತು. ಒಮ್ಮೆ ಕೊಂಡದ್ದು ಕೆಟ್ಟರೆ ಮತ್ತೊಂದು ಕೊಳ್ಳುವ ಶಕ್ತಿ ಅಕ್ಕಾರಿಗಿರಲಿಲ್ಲ.

ಕೆಲಸದ ಮೇಲೆ ಶಿಗ್ಗಾವಿಗೆ ಹೊರಟಿದ್ದ ನನಗೆ ಹಳೆಯದನ್ನು ನೋಡಿ ಬರಲು ಹೇಳಿದರು. ನೋಡಿ ಬಂದೆ. ಮಾಲೀಕರು ನನ್ನ ಮುಂದೆಯೇ ಹೊತ್ತಿಸಿದರು, ದೊಡ್ಡ ಪಾತ್ರೆ ತುಂಬ ನೀರು ಹತ್ತು ನಿಮಿಷದಲ್ಲಿ ಕುದಿಯಿತು, ಹೊಗೆ ಕಾಣಲಿಲ್ಲ. ಚೆನ್ನಾಗಿದೆ, ತೆಗೆದುಕೊಳ್ಳಬಹುದು ಎಂದು ಅಕ್ಕಾರಿಗೆ ಹೇಳಿದೆ. ಈ ಸಲ ಸ್ವತಃ ನೋಡಿದ್ದೆನಾದ್ದರಿಂದ ಧೈರ್ಯವಾಗಿಯೇ ಹೇಳಿದೆ.

'ಉರಿ ಏರೋದು ನೋಡೀರಿ,' ಎಂದರು ಅಕ್ಕಾರು. 'ಇಳಿಯೋದು ನೋಡೀರೇನು?'

ನಾನು ನೋಡಿರಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಎಂಬುದೂ ತಿಳಿದಿರಲಿಲ್ಲ. ನೀರಿಗೆ ಉರಿ ಏರಿದರೆ ಸಾಕು. ರೊಟ್ಟಿಗೆ ಹಾಗಲ್ಲ. ಹಂಚಿಗೆ ಹಾಕಿದಾಗ ಒಂದು ಉರಿ, ನೀರು ಸವರಿ ಮಗುಚಿದ ಮೇಲೆ ಇನ್ನೊಂದು, ಉಬ್ಬುವಾಗ ಮತ್ತೊಂದು. ಕಟ್ಟಿಗೆಯಾದರೆ ಒಂದು ಕೊಳ್ಳಿ ಹಿಂದಕ್ಕೆ ಎಳೆದರೆ ಆಯಿತು. ಪೆಟ್ಟಿಗೆಯಲ್ಲಿ ಏನು ಎಳೆಯುವುದು? ಇದನ್ನೆಲ್ಲ ಅವರು ಕೊತ್ತಂಬರಿ ಹೆಚ್ಚುತ್ತ ಹೇಳಿದರು. ಆ ಗುರುವಾರ ಖಾನಾವಳಿಗೆ ಬೀಗ ಹಾಕಿದರು.

ಶಿಗ್ಗಾವಿಯಲ್ಲಿ ಅಕ್ಕಾರೇ ಒಲೆಯ ಮುಂದೆ ಕುಳಿತರು. ನೆಗೆಣ್ಣಿಯನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಮಾಲೀಕರೂ ನಾನೂ ಒಲೆ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ, ಅಕ್ಕಾರು ಒಲೆ ನೋಡುತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ತಾನು ರೊಟ್ಟಿ ಬಡಿಯುತ್ತಿತ್ತು, ಕಣ್ಣು ನೆಗೆಣ್ಣಿಯ ಎದೆಯ ಏರಿಳಿತದ ಮೇಲಿತ್ತು.

ಮೊದಲ ಹತ್ತು ರೊಟ್ಟಿ ಬೆಳ್ಳಗೆ ಉಬ್ಬಿದವು. ಹದಿನೈದರ ಸುಮಾರಿಗೆ ಫ್ಯಾನಿನ ಗುಂಡಿ ತಿರುಗಿಸಿದರೂ ಉರಿ ಇಳಿಯದಾಯಿತು. ರೊಟ್ಟಿ ಚುಕ್ಕೆ ಚುಕ್ಕೆ ಸೀದವು. ಮಾಲೀಕರು ಬಗ್ಗಿ ಏನೋ ತಟ್ಟಿದರು. ಉರಿ ಒಮ್ಮೆಲೇ ಕುಸಿದು ಹಿಂದಿನ ಬೆಸುಗೆಯಿಂದ ಹೊಗೆ ಬಂತು. ನೆಗೆಣ್ಣಿ ಕೆಮ್ಮಿದರು, ಸೆರಗು ಬಾಯಿಗೆ ಒತ್ತಿ ಹೊರಗೆ ಹೋದರು. ಅಕ್ಕಾರು ಉಳಿದ ಹಿಟ್ಟನ್ನೂ ಮುಗಿಸಿ, ರೊಟ್ಟಿಗಳನ್ನು ಆ ಮನೆಯವರಿಗೇ ಕೊಟ್ಟರು.

'ನಿಮ್ಮ ಒಲಿ ಛಲೋ ಐತ್ರಿ, ಸಾರಿಗೆ. ನಮ್ಮದು ರೊಟ್ಟಿ ನೋಡ್ರಿ.'

ಮರಳುವಾಗ ಅಕ್ಕಾರು, ಹಾನಗಲ್ಲಿನಲ್ಲಿ ಇಳಿಯುವ ಮೊದಲು ನನ್ನ ಕಡೆ ತಿರುಗಿ, 'ನಾನೂ ತಪ್ಪ ಮಾಡಿದೆ. ಆಕೀನ್ನ ಕರಕೊಂಡು ಹೋಗಬಾರದಿತ್ತು' ಎಂದರು.

ಮುಂದಿನ ವಾರ ಸವಣೂರು. ಅಂಗಡಿಯವರು ಹಸನ್ಮುಖಿ. ಹೊಸ ಒಲೆಯ ಪ್ಲಾಸ್ಟಿಕ್ ಹೊದಿಕೆಯನ್ನು ಸ್ವಲ್ಪವೇ ಸರಿಸಿ ತೋರಿಸಿದರು. ಹೊತ್ತಿಸಿ ತೋರಿಸಿರಿ ಎಂದು ಅಕ್ಕಾರು ಕೇಳಿದರು.

'ಹೊತ್ತಿಸಿದ್ರ ಹೊಸಾದು ಹಳೇದ ಆಕೈತಲ್ರಿ ಅಕ್ಕಾರ. ಆಮ್ಯಾಲ ಯಾರ ತಗೋತಾರ?'

'ಅಂದ್ರ ಕಣ್ಣು ಮುಚ್ಚಿ ತಗೊಂಡ್ರ ಹೊಸಾದು, ನೋಡಿ ತಗೊಂಡ್ರ ಹಳೇದು ಅನ್ರಿ.'

ಅಂಗಡಿಯವರು ನಕ್ಕು ಚಹಾ ತರಿಸಿದರು. ಚಹಾ ಕುಡಿಯುತ್ತ ಅಕ್ಕಾರು ಇನ್ನೊಂದು ದಾರಿ ಕಂಡುಕೊಂಡರು. ಇಂಥದ್ದೇ ಒಲೆಯನ್ನು ಈಗಾಗಲೇ ಯಾರಿಗೆ ಮಾರಿದ್ದೀರಿ ಎಂದು ಕೇಳಿ, ಹಂಸಭಾವಿಯಲ್ಲಿ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುವ ಮನೆಯೊಂದರ ವಿಳಾಸ ಪಡೆದರು. ಅಲ್ಲಿಗೆ ಒಲೆ ಹೋಗಿ ಒಂದು ವರ್ಷವಾಗಿತ್ತು.

ಹಂಸಭಾವಿಯ ಆ ಮನೆಯೊಡತಿ ಒಲೆಯನ್ನು ಬಹಳ ಹೊಗಳಿದರು. ಅಕ್ಕಾರು ಎಲ್ಲ ಕೇಳಿಸಿಕೊಂಡು, 'ಒಲಿ ಮುಂದ ಕುಂದ್ರೋರು ಯಾರ್ರಿ?' ಎಂದರು. ಹಿತ್ತಲ ಕಡೆ ಕೆಲಸದ ಹೆಂಗಸೊಬ್ಬರು ರೊಟ್ಟಿ ಬೇಯಿಸುತ್ತಿದ್ದರು. ಅಕ್ಕಾರು ಅವರ ಪಕ್ಕ ನೆಲದ ಮೇಲೆ ಕುಳಿತು ತಾವೂ ಹಿಟ್ಟು ನಾದಿದರು. ಸುಮಾರು ಒಂದು ತಾಸು ಕುಳಿತರು. ಉರಿ ಎರಡು ಸಲ ಇಳಿದು ಮತ್ತೆ ಏರಿದ್ದನ್ನು ನೋಡಿಕೊಂಡರು, ಆದರೆ ಒಲೆ ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಮಲಗಿದ ಮೇಲೆ ಎದೆ ಕಟ್ಟುತ್ತದೆಯೇ, ಮೆಟ್ಟಿಲು ಹತ್ತುವಾಗ ನಿಲ್ಲಬೇಕಾಗುತ್ತದೆಯೇ, ಕಣ್ಣು ಉರಿಯುತ್ತದೆಯೇ ಎಂದು ಕೇಳಿದರು. ಮೊದಲು ಆಗುತ್ತಿತ್ತು, ಈಗ ಇಲ್ಲ ಎಂದರು ಆ ಹೆಂಗಸು. ಮನೆಯೊಡತಿ ಒಳಗೆ ಹೋದ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು.

'ಕರೆಂಟ್ ಹೋತಂದ್ರ ಮಾತ್ರ ಎದ್ದು ಓಡ್ಬೇಕ್ರಿ ಅಕ್ಕಾರ. ಫ್ಯಾನ್ ನಿಂತ ಕೂಡ್ಲೆ ಇದ್ದಬದ್ದ ಹೊಗಿ ಎಲ್ಲಾ ಮಾರಿಗೆ ಬರ್ತೈತಿ.'

ಇದನ್ನು ಸವಣೂರಿನ ಅಂಗಡಿಯವರು ಹೇಳಿರಲಿಲ್ಲ. ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂಬುದನ್ನು ವರದಿ ಮಾಡುವುದೇ ನನ್ನ ಕೆಲಸವಾಗಿತ್ತು, ಆದರೂ ನನಗೂ ಅದು ಹೊಳೆದಿರಲಿಲ್ಲ. ಅಕ್ಕಾರು ಮತ್ತೆ ಸವಣೂರಿಗೆ ಹೋಗಿ, ಕರೆಂಟ್ ಹೋದರೆ ಫ್ಯಾನ್ ತಿರುಗಿಸುವ ಬ್ಯಾಟರಿ ಜೋಡಿಸಿ ಕೊಡುವುದಾದರೆ ಹೊಸದನ್ನು ತೆಗೆದುಕೊಳ್ಳುತ್ತೇನೆ, ಇಲ್ಲವಾದರೆ ಬೇಡ ಎಂದರು. ಅಂಗಡಿಯವರು ಒಪ್ಪಿದರು.

ಒಲೆ ಕೂರಿಸುವ ದಿನ ಬೆಳಿಗ್ಗೆ ಏನೋ ನೆಪ ಹೇಳಿ ನೆಗೆಣ್ಣಿಯನ್ನು ಪಕ್ಕದ ಓಣಿಯ ಮನೆಗೆ ಕಳಿಸಿದರು. ಅಂಗಡಿಯಿಂದ ಬಂದ ಮಿಸ್ತ್ರಿ ಒಲೆಯ ಬಾಯಿ ಸ್ವಲ್ಪ ಅಗಲಿಸಿ ಪೆಟ್ಟಿಗೆ ಕೂರಿಸಿ, ಹೊತ್ತಿಸಿದರು. ಅಕ್ಕಾರು ಅದರ ಮುಂದೆ, ನೆಗೆಣ್ಣಿ ಕೂರುವ ಜಾಗದಲ್ಲೇ, ನೆಗೆಣ್ಣಿಯ ಮಣೆಯ ಮೇಲೆ ಕುಳಿತರು. ಉರಿ ಚೆನ್ನಾಗಿ ಹಿಡಿದ ಮೇಲೆ ಪ್ಲಗ್ ಕಿತ್ತುಹಾಕಲು ಹೇಳಿದರು. ಬೇಡ, ಬ್ಯಾಟರಿ ಸರಿಯಿದೆ ಎಂದರು ಮಿಸ್ತ್ರಿ.

'ಸರಿ ಐತಂದ್ರ ತಗದು ತೋರಸ್ರಿ.'

ತೆಗೆದರು. ಫ್ಯಾನ್ ನಿಂತಿತು. ತಂತಿ ಎಲ್ಲೋ ಸಡಿಲವಾಗಿತ್ತು. ಅಡುಗೆಮನೆ ತುಂಬ ಹೊಗೆಯಾಯಿತು. ನಾನೂ ಮಿಸ್ತ್ರಿಯೂ ಅಂಗಳಕ್ಕೆ ಓಡಿದೆವು. ಅಕ್ಕಾರು ಏಳಲಿಲ್ಲ. ಹೊಗೆ ತಿಳಿಯಾದ ಮೇಲೆ ಒಳಗೆ ಹೋದಾಗ ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮಣೆ ಬಿಟ್ಟಿರಲಿಲ್ಲ. ಎಷ್ಟು ಹೊತ್ತು ಹೊಗೆ ನಿಲ್ಲುತ್ತದೆ ನೋಡಬೇಕಿತ್ತು ಎಂದರು. ಮಿಸ್ತ್ರಿ ತಂತಿ ಬಿಗಿದರು. ಮತ್ತೆ ಪ್ಲಗ್ ಕಿತ್ತರು. ಫ್ಯಾನ್ ಒಂದು ಕ್ಷಣ ತಡವರಿಸಿ ತಿರುಗಿತು. ಐದು ಸಲ ಕೀಳಿಸಿದರು. ಐದನೆಯ ಸಲ ಹಿಟ್ಟು ಬಡಿದು ಹಂಚಿಗೆ ಹಾಕಿ, ರೊಟ್ಟಿ ಬೇಯುತ್ತಿರುವಾಗಲೇ ಕೀಳಿಸಿದರು. ರೊಟ್ಟಿ ಉಬ್ಬಿತು.

ಆಮೇಲೆ ಮುಖ ತೊಳೆದು ಬಂದು, ನೆಗೆಣ್ಣಿಯನ್ನು ಕರೆಯಲು ತಾವೇ ಹೋದರು. ಏನು ಹೇಳಿ ಕರೆತಂದರೋ ಗೊತ್ತಿಲ್ಲ. ನೆಗೆಣ್ಣಿ ಬಂದು ಒಲೆಯನ್ನು ಸುತ್ತ ನೋಡಿ, 'ಈ ಡಬ್ಬಿ ಮುಂದ ಕುಂದ್ರಾಕ ನಂಗ ನಾಚಿಕಿ ಬರ್ತೈತಿ' ಎಂದರು. ಅಷ್ಟು ಹೇಳಿ ಮಣೆ ಎಳೆದುಕೊಂಡು ಕುಳಿತರು. ಹೊರಗೆ ನಾಲ್ವರು ಊಟಕ್ಕೆ ಕಾಯುತ್ತಿದ್ದರು.

ನೀರಿನ ಟ್ಯಾಂಕ್ ಉದ್ಘಾಟನೆಯ ಸುದ್ದಿ ಬರೆಯುವಾಗ ಈಗ ನಾನು ಓಣಿಯ ಕೊನೆಯ ಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡುತ್ತೇನೆ. ಹೊಸ ಕಟ್ಟಡದ ಬಗ್ಗೆ ಅದನ್ನು ಕಟ್ಟಿಸಿದವರನ್ನು ಕೇಳಿದ ಮೇಲೆ ಅಲ್ಲಿ ಕಸ ಗುಡಿಸುವವರನ್ನೂ ಕೇಳುತ್ತೇನೆ. ಕಚೇರಿಯಲ್ಲಿ ಹಿರಿಯರು ನನಗೆ ತಲೆಬರಹ ಕಲಿಸಿದರು, ಗಡುವಿನೊಳಗೆ ಬರೆಯುವುದನ್ನು ಕಲಿಸಿದರು. ಇದನ್ನು ಕಲಿಸಿದ್ದು ಅಕ್ಕಾರು. ಅವರು ಪತ್ರಿಕೆಯಲ್ಲಿ ತಲೆಬರಹಗಳನ್ನಷ್ಟೇ ಓದುತ್ತಿದ್ದರು.

ಅಕ್ಕಾರು ಕಳೆದ ವರ್ಷ ದೀಪಾವಳಿಗೆ ಹತ್ತು ದಿನ ಮೊದಲು, ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ, ಪಡಸಾಲೆಯಲ್ಲಿ ಕುಳಿತಲ್ಲೇ ತೀರಿಕೊಂಡರು. ಹೃದಯಾಘಾತ ಎಂದರು ವೈದ್ಯರು. ಆ ಹೊತ್ತಿಗೆ ನನಗೆ ಹಾವೇರಿಗೆ ವರ್ಗವಾಗಿತ್ತು. ನಿಧನ ವಾರ್ತೆ ನಾನೇ ಬರೆದೆ, ನಾಲ್ಕು ಸಾಲು. ಆಧಾರ್ ಕಾರ್ಡಿನಲ್ಲಿ ಒಂದು ವಯಸ್ಸಿತ್ತು, ನೆಗೆಣ್ಣಿ ಇನ್ನೊಂದು ಹೇಳಿದರು. ಖಚಿತವಾಗದ್ದರಿಂದ ವಯಸ್ಸು ಹಾಕಲಿಲ್ಲ.

ಖಾನಾವಳಿ ಹದಿನೈದು ದಿನ ಮುಚ್ಚಿತ್ತು. ಈಗ ಪಲ್ಯಕ್ಕೂ ಬಡಿಸುವುದಕ್ಕೂ ಇಬ್ಬರು ಹೆಂಗಸರಿದ್ದಾರೆ. ಕಳೆದ ಮಂಗಳವಾರ ನಾನು ಹಾನಗಲ್ಲಿಗೆ ಹೋಗಿದ್ದೆ. ನೆಗೆಣ್ಣಿ ಒಲೆಯ ಮುಂದಿದ್ದರು. ನಾನು ಕುಳಿತ ಒಂದು ತಾಸಿನಲ್ಲಿ ಕರೆಂಟ್ ಒಮ್ಮೆ ಹೋಗಿ ಬಂತು, ಫ್ಯಾನ್ ತಿರುಗುತ್ತಲೇ ಇತ್ತು. ಅವರು ಎರಡು ಸಲ ಕೆಮ್ಮಿದರು.